ಅಂಗೈಯಗಲದ ಗಣಕಯಂತ್ರ: ಸಂಸ್ಥೆಯ ಆಸ್ತಿಯೋ, ಮನೆಯ ಆಟಿಕೆಯೋ?

ಸಿಂಪ್ಯೂಟರ್‌ನಿಂದ ಗೇಮಿಂಗ್ ಪಿಸಿಯವರೆಗೆ: ಕೊಳ್ಳುವ ಮತ್ತು ಮಾರುವ ವರ್ತಕರು ಅರಿಯಬೇಕಾದ ಲೆಕ್ಕಾಚಾರ

ಗಣಕಯಂತ್ರವು ವರ್ತಕರ ಅಂಗಡಿಗೆ ಕಾಲಿಟ್ಟು ಹಲವು ದಶಕಗಳೇ ಸಂದಿವೆ. ಮೊದಲು ಲೆಕ್ಕ ಬರೆಯುವ ಮೇಜನ್ನು ಆಕ್ರಮಿಸಿಕೊಂಡಿದ್ದ ಈ ಯಂತ್ರವು ಕ್ರಮೇಣ ಲ್ಯಾಪ್‌ಟಾಪ್ ಆಗಿ ಚೀಲವನ್ನು ಸೇರಿತು; ಮೊಬೈಲ್ ದೂರವಾಣಿಯ ರೂಪದಲ್ಲಿ ಜೇಬನ್ನೂ ಸೇರಿತು. ಇವೆರಡರ ನಡುವಣ ಸ್ಥಾನವನ್ನು ತುಂಬಲು ಇದೀಗ ಇನ್ನೊಂದು ಸರಕು ಮಾರುಕಟ್ಟೆಗೆ ಬಂದಿದೆ. ಎರಡೂ ಕೈಗಳಲ್ಲಿ ಹಿಡಿದು ಆಡಬಹುದಾದ, ಆದರೆ ಒಳಗೆ ಪೂರ್ಣಪ್ರಮಾಣದ ಗಣಕಯಂತ್ರವೇ ಆಗಿರುವ ಈ ಸಾಧನಕ್ಕೆ ‘ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ’ ಎಂದು ಹೆಸರು. ಅನುಕೂಲಕ್ಕಾಗಿ ಇದನ್ನು ‘ಕೈಗಣಕ’ ಎಂದು ಕರೆಯಬಹುದು.

ಈ ಸರಕಿಗೂ ಜಿಲ್ಲೆಯ ವರ್ತಕ ಸಮುದಾಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಅರಸೀಕೆರೆಯ ಕೊಬ್ಬರಿ ವ್ಯಾಪಾರವಾಗಲಿ, ಬೇಲೂರು ಮತ್ತು ಹಳೇಬೀಡಿನ ಪ್ರವಾಸಿಗರನ್ನು ನಂಬಿದ ಅಂಗಡಿ, ಹೋಟೆಲು, ವಸತಿಗೃಹಗಳಾಗಲಿ ಬಹುಪಾಲು ಕುಟುಂಬದವರೇ ನಡೆಸುವ ಸಂಸ್ಥೆಗಳು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಊರುಗಳ ವ್ಯಾಪಾರದ ಬಗ್ಗೆ ನಿರೀಕ್ಷೆಗಳೂ ಹೆಚ್ಚಿವೆ. ಇಂತಹ ಸಂಸ್ಥೆಗಳಲ್ಲಿ ಮನೆಯ ಹಣ ಮತ್ತು ಅಂಗಡಿಯ ಹಣದ ನಡುವಣ ಗೆರೆ ತೀರಾ ತೆಳುವಾದದ್ದು. ಓದು ಮುಗಿಸಿ ಗಲ್ಲಾಪೆಟ್ಟಿಗೆಯ ಬಳಿ ಬಂದು ಕುಳಿತ ಮಗನು, “ಇದೂ ಕಂಪ್ಯೂಟರೇ ಅಲ್ಲವೇ ಅಪ್ಪಾಜಿ, ಅಂಗಡಿಯ ಹೆಸರಿನಲ್ಲೇ ಬಿಲ್ ಹಾಕಿಸೋಣ” ಎಂದು ಕೇಳಿದರೆ, ಹೌದೆನ್ನಬೇಕೋ ಅಲ್ಲವೆನ್ನಬೇಕೋ ಎಂಬುದು ಹಣಕಾಸಿನ ಪ್ರಶ್ನೆಯೂ ಹೌದು, ಕಾನೂನಿನ ಪ್ರಶ್ನೆಯೂ ಹೌದು. ಇದಕ್ಕೆ ಉತ್ತರ ಕಂಡುಕೊಳ್ಳಲು, ಎರಡು ದಶಕಗಳ ಹಿಂದೆ ಕರ್ನಾಟಕದಲ್ಲಿಯೇ ತಯಾರಾದ ಒಂದು ಅಂಗೈ ಗಣಕಯಂತ್ರದ ಅನುಭವವು ಬಹುಮಟ್ಟಿಗೆ ನೆರವಾಗುತ್ತದೆ.

ಯಂತ್ರದ ಸ್ವರೂಪ

ಅಮೆರಿಕದ ವಾಲ್ವ್ ಸಂಸ್ಥೆಯು 2022ರ ಫೆಬ್ರವರಿಯಲ್ಲಿ ‘ಸ್ಟೀಮ್ ಡೆಕ್’ ಎಂಬ ಕೈಗಣಕವನ್ನು ಬಿಡುಗಡೆ ಮಾಡಿದ ಬಳಿಕ ಈ ವರ್ಗದ ಸರಕಿಗೆ ವ್ಯಾಪಕ ಮಾರುಕಟ್ಟೆ ದೊರೆಯಿತು. ಅದರ ಆರಂಭಿಕ ಬೆಲೆ 399 ಡಾಲರುಗಳಾಗಿತ್ತು. ಮೊದಲ ಬಿಡುಗಡೆಯ ದೇಶಗಳಲ್ಲಿ ಭಾರತ ಇರಲಿಲ್ಲ. ತೈವಾನಿನ ಏಸುಸ್ ಸಂಸ್ಥೆಯು 2023ರ ಜುಲೈನಲ್ಲಿ ‘ಆರ್‌ಒಜಿ ಅಲೈ’ ಎಂಬ ಯಂತ್ರವನ್ನು 69,990 ರೂಪಾಯಿಗಳಿಗೆ ಭಾರತದ ಮಾರುಕಟ್ಟೆಗೆ ತಂದಿತು. ಏಳು ಅಂಗುಲದ ಪರದೆ, 16 ಗಿಗಾಬೈಟ್ ಸ್ಮರಣಕೋಶ, 512 ಗಿಗಾಬೈಟ್ ಸಂಗ್ರಹ ಸಾಮರ್ಥ್ಯ, ಸುಮಾರು 600 ಗ್ರಾಂ ತೂಕ ಇವು ಅದರ ಮುಖ್ಯ ಲಕ್ಷಣಗಳು. ತದನಂತರ ಲೆನೊವೊ, ಎಂಎಸ್‌ಐ ಮೊದಲಾದ ಸಂಸ್ಥೆಗಳೂ ಈ ಕ್ಷೇತ್ರವನ್ನು ಪ್ರವೇಶಿಸಿದವು.

ಕೇವಲ ಆಟಕ್ಕೆಂದೇ ತಯಾರಾದ ಹಳೆಯ ವಿಡಿಯೋ ಗೇಮ್ ಸಾಧನಗಳಿಗೂ ಕೈಗಣಕಕ್ಕೂ ಮೂಲಭೂತ ವ್ಯತ್ಯಾಸವಿದೆ. ಹಳೆಯ ಸಾಧನದಲ್ಲಿ ಆಟವಲ್ಲದೆ ಬೇರೇನೂ ಸಾಧ್ಯವಿರಲಿಲ್ಲ. ಆರ್‌ಒಜಿ ಅಲೈನಂತಹ ಕೈಗಣಕದಲ್ಲಿ ವಿಂಡೋಸ್ 11 ಕಾರ್ಯನಿರ್ವಹಣಾ ವ್ಯವಸ್ಥೆಯೇ ಇರುತ್ತದೆ. ಒಂದು ಡಾಕ್‌ನ ಮೂಲಕ ಮಾನಿಟರ್, ಕೀಲಿಮಣೆ ಮತ್ತು ಮೌಸ್‌ಗಳನ್ನು ಜೋಡಿಸಿದರೆ ಅದು ಸಾಮಾನ್ಯ ಮೇಜುಗಣಕದಂತೆಯೇ ಕೆಲಸ ಮಾಡುತ್ತದೆ. 1986ರಲ್ಲಿ ಆರಂಭವಾದ, ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶವು ವಿಂಡೋಸ್‌ನಲ್ಲಿ ನಡೆಯುವಂಥದ್ದು; ಆದಕಾರಣ ಇಂತಹ ಯಂತ್ರದಲ್ಲಿ ಅದನ್ನು ಬಳಸಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಸ್ಟೀಮ್ ಡೆಕ್‌ನಲ್ಲಿರುವುದು ಲಿನಕ್ಸ್ ಆಧಾರಿತ ವ್ಯವಸ್ಥೆಯಾದ್ದರಿಂದ ಅದರಲ್ಲಿ ಈ ಅನುಕೂಲ ನೇರವಾಗಿ ದೊರೆಯುವುದಿಲ್ಲ. “ಇದೂ ಕಂಪ್ಯೂಟರೇ” ಎಂಬ ಮಾತು ಸುಳ್ಳಲ್ಲ. ಆದರೆ ಅಷ್ಟರಿಂದಲೇ ಅದು ಸಂಸ್ಥೆಯ ಆಸ್ತಿಯಾಗುವುದಿಲ್ಲ.

ಬೆಂಗಳೂರಿನ ಸಿಂಪ್ಯೂಟರ್

ಅಂಗೈಯಲ್ಲಿ ಹಿಡಿಯುವ ಗಣಕಯಂತ್ರವನ್ನು ಜನಸಾಮಾನ್ಯರಿಗೆ ತಲುಪಿಸುವ ಸಾಹಸವು ಬೆಂಗಳೂರಿನಲ್ಲಿ ನಡೆದದ್ದು ಈ ಶತಮಾನದ ಆರಂಭದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೊಡಗೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ಸರಳವಾದ, ಅಗ್ಗವಾದ, ಬಹುಭಾಷೆಗಳ ಗಣಕಯಂತ್ರವೆಂಬುದೇ ಆ ಹೆಸರಿನ ತಾತ್ಪರ್ಯ. 2001ರ ಏಪ್ರಿಲ್‌ನಲ್ಲಿ ಅದರ ಮಾದರಿ ಯಂತ್ರವನ್ನು ಸಾರ್ವಜನಿಕರಿಗೆ ಪ್ರದರ್ಶಿಸಲಾಯಿತು.

206 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಿ ನಡೆಸಬಹುದಾದ ಕಪ್ಪುಬಿಳುಪಿನ ಪರದೆ ಮತ್ತು ಲಿನಕ್ಸ್ ವ್ಯವಸ್ಥೆ ಅದರಲ್ಲಿದ್ದವು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನೂ ಇದಕ್ಕಾಗಿ ಸಿದ್ಧಪಡಿಸಲಾಗಿತ್ತು. ಓದು ಬರಹ ಬಾರದ ರೈತನೂ ತನ್ನ ಭಾಷೆಯಲ್ಲಿಯೇ ಮಾಹಿತಿ ಪಡೆಯಲಿ ಎಂಬುದು ಅದರ ಉದ್ದೇಶ. ಅಂದಿನ ಮಟ್ಟಿಗೆ ಇದು ಸಾಮಾನ್ಯ ಸಾಧನೆಯಾಗಿರಲಿಲ್ಲ.

ಮಾಲೀಕತ್ವದ ಬಗ್ಗೆ ಸಿಂಪ್ಯೂಟರ್‌ನ ರೂವಾರಿಗಳು ಮಾಡಿದ್ದ ಚಿಂತನೆ ವರ್ತಕರ ಗಮನಕ್ಕೆ ಬರಬೇಕಾದದ್ದು. ಹಳ್ಳಿಯ ಪ್ರತಿಯೊಂದು ಮನೆಯೂ ಸಾವಿರಾರು ರೂಪಾಯಿ ಕೊಟ್ಟು ಯಂತ್ರ ಕೊಳ್ಳಲಾರದೆಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿಯೊಂದನ್ನು ಇರಿಸಿದರು. ಯಂತ್ರವು ಪಂಚಾಯಿತಿಯದೋ, ಶಾಲೆಯದೋ, ಅಂಗಡಿಯವರದೋ ಆಗಿರಬಹುದು. ಬಳಸುವವನ ಬಳಿ ತನ್ನ ಮಾಹಿತಿಯಿರುವ ಕಾರ್ಡ್ ಮಾತ್ರ ಇದ್ದರೆ ಸಾಕು. ಬಾಡಿಗೆಗೆ ಪಡೆದು ಬಳಸಿ ಹಿಂದಿರುಗಿಸಬಹುದಾದ ಗಣಕಯಂತ್ರದ ಕಲ್ಪನೆ ಅದಾಗಿತ್ತು. ಹತ್ತಾರು ಬಳಕೆದಾರರ ನಡುವೆ ವೆಚ್ಚ ಹಂಚಿಹೋದರೆ ದುಬಾರಿ ಯಂತ್ರವೂ ಅಗ್ಗವಾಗುತ್ತದೆ ಎಂಬ ಅರ್ಥಶಾಸ್ತ್ರ ಅದರ ಹಿಂದಿತ್ತು.

ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೋಪೀಟಾ ಸಂಸ್ಥೆಯು ಸಾರ್ವಜನಿಕ ವಲಯದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ ಸೇರಿ 2004ರ ಏಪ್ರಿಲ್‌ನಲ್ಲಿ ‘ಅಮಿಡಾ ಸಿಂಪ್ಯೂಟರ್’ ಅನ್ನು ಮಾರುಕಟ್ಟೆಗೆ ಬಿಡುಗಡೆ ಮಾಡಿತು. ಆರಂಭಿಕ ಮಾದರಿಯ ಬೆಲೆ 9,950 ರೂಪಾಯಿ. ಕೈಯ ಚಲನೆಯನ್ನು ಗ್ರಹಿಸುವ ಸಂವೇದಕವೂ ಅದರಲ್ಲಿತ್ತು; ಇಂದಿನ ಮೊಬೈಲ್ ಆಟಗಳಲ್ಲಿ ಸಾಮಾನ್ಯವಾಗಿರುವ ಈ ಸೌಲಭ್ಯವು ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ ಬೆಂಗಳೂರಿನ ಯಂತ್ರದಲ್ಲಿ ಇದ್ದಿತೆಂಬುದು ಉಲ್ಲೇಖನೀಯ. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ, ಛತ್ತೀಸಗಡದ ಶಾಲೆಗಳಲ್ಲಿ ಬೋಧನೆಗೆ ಅದನ್ನು ಬಳಸಿ ನೋಡಲಾಯಿತು. ಆದರೆ 50,000 ಯಂತ್ರಗಳು ಮಾರಾಟವಾಗುವ ನಿರೀಕ್ಷೆಯಿದ್ದಲ್ಲಿ 2005ರ ವೇಳೆಗೆ ಮಾರಾಟವಾದದ್ದು ಸುಮಾರು 4,000 ಮಾತ್ರ.

ಉತ್ತಮ ಸರಕು ಏಕೆ ಮಾರಾಟವಾಗಲಿಲ್ಲ?

ಸಣ್ಣ ತಯಾರಕರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಯಂತ್ರದಲ್ಲಿ ದೋಷವಿದ್ದುದರಿಂದ ಅದು ಸೋಲಲಿಲ್ಲ. ಮೊದಲನೆಯ ಕಾರಣ ಕಾಲ. 2001ರಲ್ಲಿ ತೋರಿಸಿದ ಸರಕು ಅಂಗಡಿಗೆ ಬಂದದ್ದು 2004ರಲ್ಲಿ. ಈ ನಡುವೆ 2003ರ ಮೇ ತಿಂಗಳಿನಿಂದ ಮೊಬೈಲ್‌ಗೆ ಬರುವ ಕರೆಗಳು ಉಚಿತವಾದವು. ಅದೇ ಜುಲೈನಲ್ಲಿ ರಿಲಯನ್ಸ್ ಇನ್ಫೋಕಾಮ್ ಸಂಸ್ಥೆಯು 501 ರೂಪಾಯಿ ಆರಂಭಿಕ ಪಾವತಿಗೆ ಮೊಬೈಲ್ ಕೊಡುವ ಯೋಜನೆಯನ್ನು ಪ್ರಕಟಿಸಿತು. ಹತ್ತು ಸಾವಿರ ರೂಪಾಯಿಯ ಯಂತ್ರವನ್ನು ಕೊಳ್ಳಬಹುದಾಗಿದ್ದ ಗ್ರಾಹಕನಿಗೆ ಮಾತನಾಡಲೂ ಬರುವ, ಅಗ್ಗವಾದ ಇನ್ನೊಂದು ಯಂತ್ರ ದೊರಕಿದಂತಾಯಿತು.

ಎರಡನೆಯದು ಉತ್ಪಾದನೆಯ ಪ್ರಮಾಣ. ಎಲೆಕ್ಟ್ರಾನಿಕ್ ಸರಕುಗಳಲ್ಲಿ ಬಿಡಿಭಾಗಗಳ ಬೆಲೆ ಇಳಿಯುವುದು ಲಕ್ಷಗಟ್ಟಲೆ ಖರೀದಿಸಿದಾಗ. ಸಾವಿರಗಳ ಲೆಕ್ಕದಲ್ಲಿ ಕೊಳ್ಳುವವನಿಗೆ ಪರದೆಯಾಗಲಿ ಸಂಸ್ಕಾರಕವಾಗಲಿ ಸುಲಭ ಬೆಲೆಗೆ ದೊರೆಯುವುದಿಲ್ಲ. ಬೆಲೆ ಇಳಿಯದೆ ಮಾರಾಟ ಏರದು, ಮಾರಾಟ ಏರದೆ ಬೆಲೆ ಇಳಿಯದು. ಈ ಸುಳಿಯಿಂದ ಹೊರಬರಲು ದೊಡ್ಡ ಮೊತ್ತದ ಸರ್ಕಾರಿ ಖರೀದಿಯೋ ವಿಸ್ತಾರವಾದ ಚಿಲ್ಲರೆ ಮಾರಾಟ ಜಾಲವೋ ಬೇಕಿತ್ತು.

ಮೂರನೆಯ ಕಾರಣ ಕೊಳ್ಳುವವರಿಗೆ ನೇರವಾಗಿ ಅನ್ವಯಿಸುವಂಥದ್ದು. ಸಿಂಪ್ಯೂಟರ್ ಎಲ್ಲ ಕೆಲಸವನ್ನೂ ಮಾಡಬಲ್ಲುದಾಗಿತ್ತು; ಆದರೆ ನಾಳೆ ಬೆಳಗ್ಗೆ ಅಂಗಡಿ ತೆರೆದೊಡನೆ ಅದು ಮಾಡಲೇಬೇಕಾದ ಒಂದು ಕೆಲಸ ಯಾವುದೆಂಬುದು ಹೆಚ್ಚಿನ ಗ್ರಾಹಕರಿಗೆ ಸ್ಪಷ್ಟವಿರಲಿಲ್ಲ. ಸಾಮರ್ಥ್ಯವಿದ್ದ ಯಂತ್ರಕ್ಕೆ ನೇಮಿತವಾದ ಕಾಯಕ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವನ್ನು ಕಾಣಲು ಹಾಸನದಿಂದ ಹಳೇಬೀಡಿಗೆ ಹೋಗುವ ಸಾರಿಗೆ ಸಂಸ್ಥೆಯ ಬಸ್ಸನ್ನು ಏರಿದರೆ ಸಾಕು. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರವೂ ಒಂದು ಅಂಗೈ ಗಣಕಯಂತ್ರವೇ. ಸಾಮರ್ಥ್ಯದಲ್ಲಿ ಅದು ಯಾವ ಕೈಗಣಕಕ್ಕೂ ಸಮನಲ್ಲ. ಆದರೆ ದರ ಲೆಕ್ಕಹಾಕಿ, ಚೀಟಿ ಮುದ್ರಿಸಿ, ದಿನದ ಕೊನೆಯಲ್ಲಿ ಲೆಕ್ಕ ಒಪ್ಪಿಸುವ ಕೆಲಸ ಅದಕ್ಕೆ ನಿಗದಿಯಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗ ಮಹಿಳಾ ಪ್ರಯಾಣಿಕರಿಗೆ ಶೂನ್ಯ ಮೊತ್ತದ ಟಿಕೆಟ್ ನೀಡಿ, ಸಂಸ್ಥೆಗೆ ಸರ್ಕಾರದಿಂದ ಬರಬೇಕಾದ ಹಣದ ಲೆಕ್ಕವನ್ನು ಇಡುವ ಹೊಣೆಯೂ ಈ ಯಂತ್ರಗಳ ಮೇಲೆಯೇ ಬಿತ್ತು. ಮನೆ ಮನೆಗೆ ಬಂದು ವಿದ್ಯುತ್ ಬಿಲ್ ಕೊಡುವವರ ಕೈಯಲ್ಲಿರುವ ಯಂತ್ರವೂ ಇದೇ ಬಗೆಯದು. ಇವುಗಳ ವೆಚ್ಚ ಎಷ್ಟು ದಿನಗಳಲ್ಲಿ ಹುಟ್ಟುತ್ತದೆ ಎಂದು ಯಾವ ಲೆಕ್ಕಿಗನಾದರೂ ಹೇಳಬಲ್ಲ.

ಒಡೆತನದ ನಿಜವಾದ ವೆಚ್ಚ

ಈ ಅಳತೆಗೋಲಿನಿಂದ ಇಂದಿನ ಕೈಗಣಕವನ್ನು ನೋಡಬೇಕು. 2004ರ 9,950 ರೂಪಾಯಿಯನ್ನು ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕದಂತೆ (2004-05ಕ್ಕೆ 113, 2023-24ಕ್ಕೆ 348) ಪರಿವರ್ತಿಸಿದರೆ ಸುಮಾರು 30,600 ರೂಪಾಯಿಗಳಾಗುತ್ತದೆ. 69,990 ರೂಪಾಯಿಯ ಕೈಗಣಕವು ಅದರ ಎರಡು ಪಟ್ಟಿಗಿಂತಲೂ ದುಬಾರಿ. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ವಹಿವಾಟಿನ ಮೇಲೆ ಶೇಕಡ 5ರಷ್ಟು ನಿವ್ವಳ ಲಾಭ ಗಳಿಸುವ ಅಂಗಡಿಯು ಈ ಯಂತ್ರದ ಬೆಲೆಯನ್ನು ದುಡಿಯಲು ಸುಮಾರು 14 ಲಕ್ಷ ರೂಪಾಯಿಗಳ ವ್ಯಾಪಾರ ನಡೆಸಬೇಕಾಗುತ್ತದೆ.

ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚಗಳೂ ಇವೆ. 40 ವ್ಯಾಟ್-ಅವರ್ ಬ್ಯಾಟರಿಯುಳ್ಳ ಯಂತ್ರವು ಭಾರಿ ಆಟವೊಂದನ್ನು ನಡೆಸುವಾಗ 20ರಿಂದ 25 ವ್ಯಾಟ್ ಶಕ್ತಿಯನ್ನು ಸೆಳೆದರೆ ಎರಡು ತಾಸಿನೊಳಗೆ ಬ್ಯಾಟರಿ ಬರಿದಾಗುತ್ತದೆ. ವಿದ್ಯುತ್ ಖರ್ಚು ನಗಣ್ಯ. ಇಪ್ಪತ್ತೈದು ಬಾರಿ ಪೂರ್ತಿ ತುಂಬಿಸಿದರೂ ಒಂದು ಯೂನಿಟ್‌ಗಿಂತ ತುಸು ಹೆಚ್ಚಾದೀತು ಅಷ್ಟೆ. ಆದರೆ ದಿನವೂ ಬರಿದಾಗಿ ದಿನವೂ ತುಂಬುವ ಬ್ಯಾಟರಿಯ ಆಯುಷ್ಯ ಬೇಗ ಕುಗ್ಗುತ್ತದೆ. ಬ್ಯಾಟರಿ, ತಂಪುಗೊಳಿಸುವ ಫ್ಯಾನ್, ಸದಾ ತಿರುವುವ ಜಾಯ್‌ಸ್ಟಿಕ್‌ಗಳು ಸವೆಯುವ ಭಾಗಗಳು. ಹಳೇಬೀಡಿನಂತಹ ಊರಿನ ಗ್ರಾಹಕನು ದುರಸ್ತಿಗಾಗಿ ಯಂತ್ರವನ್ನು ಹಾಸನಕ್ಕೋ ಬೆಂಗಳೂರಿಗೋ ಕಳುಹಿಸಬೇಕಾಗಬಹುದು. ಆ ದಿನಗಳ ಮಟ್ಟಿಗೆ ಯಂತ್ರವಿದ್ದೂ ಇಲ್ಲದಂತೆ.

ಅಂತರ್ಜಾಲ ಸಂಪರ್ಕದ ಲೆಕ್ಕವನ್ನೂ ಮರೆಯಬಾರದು. ಇಂದಿನ ದೊಡ್ಡ ಆಟಗಳು 100 ಗಿಗಾಬೈಟ್ ಗಾತ್ರವನ್ನು ಮುಟ್ಟುತ್ತವೆ. ದಿನಕ್ಕೆ 2 ಗಿಗಾಬೈಟ್ ಮಿತಿಯ ಮೊಬೈಲ್ ಯೋಜನೆಯನ್ನೇ ನಂಬಿದರೆ ಅಂತಹ ಒಂದು ಆಟವನ್ನು ಇಳಿಸಿಕೊಳ್ಳಲು 50 ದಿನಗಳು ಬೇಕು. 50 ಮೆಗಾಬಿಟ್ ವೇಗದ ಬ್ರಾಡ್‌ಬ್ಯಾಂಡ್ ಇದ್ದರೆ ಸುಮಾರು ನಾಲ್ಕೂವರೆ ತಾಸು ಸಾಕು. ಅಂದಮೇಲೆ ಬ್ರಾಡ್‌ಬ್ಯಾಂಡ್‌ನ ತಿಂಗಳ ಬಾಡಿಗೆಯೂ ಯಂತ್ರದ ವೆಚ್ಚದಲ್ಲಿ ಸೇರುತ್ತದೆ.

ಇನ್ನು ಆಟಗಳ ಮಾಲೀಕತ್ವ. ಅಂತರ್ಜಾಲದ ಮಳಿಗೆಗಳಲ್ಲಿ ಹಣ ತೆತ್ತು ಪಡೆಯುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಸ್ಟೀಮ್ ಮಳಿಗೆಯ ಕರಾರಿನಂತೆ ಇದು ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಸೀಮಿತವಾದದ್ದು. ಖಾತೆಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಮೂರು ವರ್ಷಗಳ ಬಳಿಕ ಯಂತ್ರವನ್ನು ಮಾರಿದರೆ ಕೈಗೆ ಬರುವುದು ಹಳೆಯ ಯಂತ್ರದ ಬೆಲೆ ಮಾತ್ರ. ಆಟಗಳಿಗೆ ಹಾಕಿದ ಹಣಕ್ಕೆ ಮರುಮಾರಾಟ ಮೌಲ್ಯವಿಲ್ಲ. ತಾಸಿನ ಬಾಡಿಗೆಗೆ ಯಂತ್ರ ಕೊಟ್ಟು ಗೇಮಿಂಗ್ ಕೇಂದ್ರ ನಡೆಸಬಯಸುವ ಯುವಕರು ಇದನ್ನು ವಿಶೇಷವಾಗಿ ಗಮನಿಸಬೇಕು. ತಾಸಿಗೆ 50 ರೂಪಾಯಿಯಂತೆ ದಿನಕ್ಕೆ ನಾಲ್ಕು ತಾಸು, ತಿಂಗಳಿಗೆ 25 ದಿನ ಗಿರಾಕಿ ದೊರೆತರೆ 5,000 ರೂಪಾಯಿ ಒಟ್ಟು ಆದಾಯ. ಅಂಗಡಿ ಬಾಡಿಗೆ, ದುರಸ್ತಿಗಳನ್ನು ಲೆಕ್ಕಿಸದೆಯೂ ಬಂಡವಾಳ ಮರಳಲು 14 ತಿಂಗಳು ಬೇಕು. ವೈಯಕ್ತಿಕ ಪರವಾನಗಿಯ ಆಟಗಳನ್ನು ಬಾಡಿಗೆಗೆ ಕೊಡುವುದು ಕರಾರಿನ ಉಲ್ಲಂಘನೆಯಾಗುವುದರಿಂದ ವಾಣಿಜ್ಯ ಪರವಾನಗಿಯ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಳ್ಳಬೇಕು.

ಲೆಕ್ಕಪುಸ್ತಕದಲ್ಲಿ ಎಲ್ಲಿ ಬರೆಯಬೇಕು?

“ಅಂಗಡಿಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆ” ಎಂಬ ಮಾತು ವರ್ತಕ ವಲಯದಲ್ಲಿ ಸಾಮಾನ್ಯ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅಂಕಿಗಳಿಂದಲೇ ಪರಿಶೀಲಿಸಬಹುದು. 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಬಂದಿದೆ. ವರ್ತಕರಿಗೆ ಪರಿಚಿತವಾದ ಹಳೆಯ ಕಲಂಗಳ ಸಂಖ್ಯೆಯನ್ನೇ ಇಲ್ಲಿ ಬಳಸಲಾಗಿದೆ.

69,990 ರೂಪಾಯಿಯಲ್ಲಿ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ ಸೇರಿದೆಯೆಂದು ಇಟ್ಟುಕೊಂಡರೆ ಮೂಲಬೆಲೆ 59,314 ರೂಪಾಯಿ, ತೆರಿಗೆ 10,676 ರೂಪಾಯಿ. ಗಣಕಯಂತ್ರಕ್ಕೆ ಶೇಕಡ 40ರ ದರದಲ್ಲಿ ಸವಕಳಿ ದೊರೆಯುತ್ತದೆ. ಪೂರ್ತಿಯಾಗಿ ವ್ಯಾಪಾರಕ್ಕೇ ಬಳಸಿದ ಪಕ್ಷದಲ್ಲಿ ಮೊದಲ ವರ್ಷದ ಸವಕಳಿ 23,726 ರೂಪಾಯಿ, ಎರಡನೆಯ ವರ್ಷ 14,235 ರೂಪಾಯಿ, ಮೂರನೆಯ ವರ್ಷ 8,541 ರೂಪಾಯಿ. ಮೂರು ವರ್ಷಗಳ ಕೊನೆಗೆ ಪುಸ್ತಕದಲ್ಲಿ ಉಳಿಯುವ ಮೌಲ್ಯ 12,812 ರೂಪಾಯಿ. ಶೇಕಡ 30ರ ತೆರಿಗೆ ದರದವರಿಗೂ ಮೊದಲ ವರ್ಷ ಉಳಿಯುವುದು ಸುಮಾರು 7,100 ರೂಪಾಯಿ. ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡರೆ ಆ ವರ್ಷದ ಬಳಕೆ 180 ದಿನಗಳಿಗಿಂತ ಕಡಿಮೆಯಾಗುವುದರಿಂದ ಅದರಲ್ಲಿಯೂ ಅರ್ಧ ಮಾತ್ರ. ಬಿಲ್ಲಿನಲ್ಲಿ ಸರಕಿನ ವಿವರಣೆ ಗಣಕಯಂತ್ರವೆಂದಿರದೆ ಆಟದ ಸಾಧನವೆಂದಿದ್ದರೆ ಶೇಕಡ 40ರ ದರವನ್ನು ಸಮರ್ಥಿಸುವುದೂ ಕಷ್ಟವಾಗುತ್ತದೆ. ಸಾಮಾನ್ಯ ಯಂತ್ರೋಪಕರಣಗಳ ದರ ಶೇಕಡ 15.

ಇದೆಲ್ಲವೂ ಯಂತ್ರವನ್ನು ಪೂರ್ತಿಯಾಗಿ ವ್ಯಾಪಾರಕ್ಕೆ ಬಳಸಿದಾಗಿನ ಮಾತು. ಹಗಲು ಬಿಲ್ಲಿಂಗ್‌ಗೆ, ರಾತ್ರಿ ಆಟಕ್ಕೆ ಎಂದಾದರೆ ಕಲಂ 38ರ ಪ್ರಕಾರ ವ್ಯಾಪಾರಕ್ಕೆ ಸಲ್ಲುವ ನ್ಯಾಯವಾದ ಪಾಲಿಗಷ್ಟೇ ಸವಕಳಿ ದೊರೆಯುತ್ತದೆ. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಕಲಂ 17(1) ಇದೇ ತತ್ತ್ವವನ್ನು ಹೇಳುತ್ತದೆ. ಕೇವಲ ಸ್ವಂತ ಬಳಕೆಯ ಸರಕಿಗೆ ಕಲಂ 17(5)(ಜಿ) ಅಡಿಯಲ್ಲಿ ಇನ್‌ಪುಟ್ ತೆರಿಗೆ ಕ್ರೆಡಿಟ್ ಸಂಪೂರ್ಣವಾಗಿ ನಿಷಿದ್ಧ. ಹಾಗೆಯೇ ಕ್ರೆಡಿಟ್ ಪಡೆದ 10,676 ರೂಪಾಯಿಯನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಅತಿ ಸಣ್ಣ ವರ್ತಕರ ಪಾಲಿಗೆ ಉಳಿತಾಯವೆಂಬುದು ಬಹುತೇಕ ಭ್ರಮೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ಇಲ್ಲವೇ ಇಲ್ಲ. ಕಲಂ 44ಎಡಿ ಅಡಿಯಲ್ಲಿ ವಹಿವಾಟಿನ ನಿಗದಿತ ಶೇಕಡಾವಾರನ್ನು ಆದಾಯವೆಂದು ಘೋಷಿಸುವವರಿಗೆ ಸವಕಳಿಯನ್ನು ಈಗಾಗಲೇ ಕೊಟ್ಟಂತೆಯೇ ಕಾನೂನು ಭಾವಿಸುತ್ತದೆ, ಪ್ರತ್ಯೇಕವಾಗಿ ಕೇಳುವಂತಿಲ್ಲ. ಇಂತಹವರು ಕೈಗಣಕವನ್ನು ಅಂಗಡಿಯ ಹೆಸರಿನಲ್ಲಿ ಕೊಂಡರೂ ಒಂದೇ, ಮಗನ ಹೆಸರಿನಲ್ಲಿ ಕೊಂಡರೂ ಒಂದೇ.

ಪಾವತಿಯ ವಿಧಾನವೂ ಮುಖ್ಯ. ಆಸ್ತಿಯ ಖರೀದಿಗೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ಆ ಮೊತ್ತವು ಆಸ್ತಿಯ ವೆಚ್ಚವೆಂದು ಪರಿಗಣಿತವಾಗುವುದಿಲ್ಲ. ಯಂತ್ರವು ಮನೆಯ ಬಳಕೆಗೇ ಎಂದು ಖಚಿತವಾಗಿದ್ದಲ್ಲಿ ಪ್ರಾಮಾಣಿಕವಾದ ದಾರಿ ಒಂದೇ: ಸಂಸ್ಥೆಯ ಖಾತೆಯಿಂದ ಹಣ ಹೋಗಿದ್ದರೂ ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಬರೆಯುವುದು. ಪಾಲುದಾರಿಕೆ ಸಂಸ್ಥೆಯಾದರೆ ಇದು ಇನ್ನೂ ಅಗತ್ಯ. ಅಣ್ಣನ ಮಗನ ಆಟದ ಯಂತ್ರದ ಸವಕಳಿಯಲ್ಲಿ ತಮ್ಮನ ಲಾಭದ ಪಾಲೂ ಕರಗುತ್ತದೆ. ಪಾಲುದಾರರ ನಡುವಣ ಎಷ್ಟೋ ಮನಸ್ತಾಪಗಳ ಬೇರು ಇಂತಹ ಸಣ್ಣ ನಮೂದುಗಳಲ್ಲಿಯೇ ಇರುತ್ತದೆ.

ಆಟವೇ ಉದ್ಯಮವಾದಾಗ

ಕೈಗಣಕವು ನಿಸ್ಸಂದೇಹವಾಗಿ ವ್ಯಾಪಾರದ ಆಸ್ತಿಯಾಗುವ ಸಂದರ್ಭಗಳೂ ಉಂಟು. ಆಟಗಳನ್ನು ತಯಾರಿಸುವ ಘಟಕಕ್ಕೆ ಅದು ಪರೀಕ್ಷಾ ಉಪಕರಣ. ಈ ಉದ್ಯಮದಲ್ಲಿ ಕರ್ನಾಟಕಕ್ಕೆ ಹಿರಿತನವಿದೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳ ಸಾಲಿನದು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಪಾಲಾಯಿತು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರವು 2012ರಷ್ಟು ಹಿಂದೆಯೇ ಪ್ರತ್ಯೇಕ ನೀತಿಯನ್ನು ರೂಪಿಸಿತ್ತು. ಜಿಲ್ಲೆಯ ಯುವಕನೊಬ್ಬ ತನ್ನ ಊರಿನಿಂದಲೇ ಇಂತಹ ಕೆಲಸವನ್ನು ಗುತ್ತಿಗೆಗೆ ಪಡೆದು ಮಾಡುವುದಾದರೆ, ಅವನ ಕೈಯಲ್ಲಿನ ಯಂತ್ರವು ಬಡಗಿಯ ಉಳಿಯಷ್ಟೇ ಸಹಜವಾದ ಸಲಕರಣೆ. ಹಣ ಪಣಕ್ಕಿಟ್ಟು ಆಡುವ ಅಂತರ್ಜಾಲ ಆಟಗಳು ಬೇರೆಯೇ ವಿಷಯ. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯು ಅವುಗಳನ್ನು ನಿಷೇಧಿಸಿದೆ ಎಂಬುದು ಮನೆಯ ಹಿರಿಯರ ಗಮನದಲ್ಲಿರಲಿ.

ಮಾರುವವರು ವಹಿಸಬೇಕಾದ ಎಚ್ಚರ

ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಅಂಗಡಿಗಳವರು ಈ ಸರಕನ್ನು ದಾಸ್ತಾನು ಮಾಡುವ ಮುನ್ನ ಕೆಲವು ಸಂಗತಿಗಳನ್ನು ಪರಿಶೀಲಿಸಬೇಕು. ಅಧಿಕೃತವಾಗಿ ಬಿಡುಗಡೆಯಾಗದ ಯಂತ್ರಗಳು ಬಿಲ್ ಇಲ್ಲದೆ ಕಡಿಮೆ ಬೆಲೆಗೆ ದೊರೆಯುವುದುಂಟು. ಬಿಲ್ ಇಲ್ಲದ ಸರಕಿಗೆ ತೆರಿಗೆ ಕ್ರೆಡಿಟ್ ಇಲ್ಲ, ತಯಾರಕರ ವಾರಂಟಿಯ ಭರವಸೆಯೂ ಇಲ್ಲ. ಗ್ರಾಹಕನ ದೂರಿಗೆ ಉತ್ತರಿಸುವ ಹೊಣೆ ಮಾತ್ರ ಅಂಗಡಿಯವನದು. 2012ರ ಆದೇಶದಿಂದ ಆರಂಭವಾದ ಭಾರತೀಯ ಮಾನಕ ಸಂಸ್ಥೆಯ ಕಡ್ಡಾಯ ನೋಂದಣಿಯು ಗಣಕಯಂತ್ರಗಳಿಗೂ ವಿಡಿಯೋ ಆಟದ ಸಾಧನಗಳಿಗೂ ಅನ್ವಯಿಸುತ್ತದೆ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರವು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಹಾಗೂ ಕೆಲವು ಬಗೆಯ ಕಿರು ಗಣಕಯಂತ್ರಗಳ ಆಮದಿನ ಮೇಲೆ ನಿರ್ಬಂಧ ಪ್ರಕಟಿಸಿ, ಬಳಿಕ ನವೆಂಬರ್‌ನಿಂದ ಅನುಮತಿ ಪತ್ರದ ವ್ಯವಸ್ಥೆಯನ್ನು ತಂದದ್ದನ್ನು ನೆನೆದರೆ, ಆಮದು ಸರಕಿನ ಪೂರೈಕೆ ಎಷ್ಟು ಬೇಗ ಏರುಪೇರಾಗಬಲ್ಲುದೆಂಬುದು ಅರಿವಾಗುತ್ತದೆ.

ಮಾದರಿಗಳು ಬೇಗ ಹಳತಾಗುವುದು ಇನ್ನೊಂದು ಅಪಾಯ. ಉದಾಹರಣೆಗೆ ತೆರಿಗೆ ಹೊರತುಪಡಿಸಿ ತಲಾ 55,000 ರೂಪಾಯಿಗೆ ಎರಡು ಯಂತ್ರಗಳನ್ನು ತರಿಸಿದ ಅಂಗಡಿಯಲ್ಲಿ ಅವು ಮಾರಾಟವಾಗದೆ ಉಳಿದು, ಹೊಸ ಮಾದರಿ ಬಂದು, ಬೆಲೆ 48,000 ರೂಪಾಯಿಗೆ ಇಳಿಯಿತೆನ್ನೋಣ. ಮಾರಾಟದ ವೆಚ್ಚ 1,000 ರೂಪಾಯಿ ಕಳೆದರೆ ನಿವ್ವಳ ವಸೂಲಾತಿ ಮೌಲ್ಯ 47,000 ರೂಪಾಯಿ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ವರ್ಷಾಂತ್ಯದ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಅಂದರೆ 16,000 ರೂಪಾಯಿಗಳ ನಷ್ಟವನ್ನು ಆ ವರ್ಷವೇ ಒಪ್ಪಿಕೊಳ್ಳಬೇಕು. ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ಹಳೆಯ ಬೆಲೆಯನ್ನೇ ಮುಂದುವರಿಸುವುದು ಸರಿಯಾದ ಕ್ರಮವಲ್ಲ. ಸಣ್ಣ ಊರಿನ ಅಂಗಡಿಯವರಿಗೆ ಮುಂಗಡ ಪಡೆದು ಬೇಡಿಕೆಯ ಮೇರೆಗೆ ತರಿಸಿಕೊಡುವುದೇ ಕ್ಷೇಮಕರ. ರಕ್ಷಾ ಚೀಲ, ಸ್ಮರಣಪಟ್ಟಿ, ಚಾರ್ಜರ್, ಡಾಕ್ ಮುಂತಾದ ಪೂರಕ ಸರಕುಗಳಲ್ಲಿ ಹೂಡಿಕೆ ಕಡಿಮೆ. ಮಾದರಿ ಬದಲಾದರೂ ಅವುಗಳಲ್ಲಿ ಹಲವು ಮಾರಾಟವಾಗುತ್ತವೆ.

ಕೊಳ್ಳುವ ಮುನ್ನ

ಸಿಂಪ್ಯೂಟರ್‌ನ ಕಾಲದಲ್ಲಿ 64 ಮೆಗಾಬೈಟ್ ಸ್ಮರಣಕೋಶವೇ ದೊಡ್ಡದಾಗಿತ್ತು; ಇಂದಿನ ಕೈಗಣಕದಲ್ಲಿ ಅದರ 256 ಪಟ್ಟು ಇದೆ. ಸಾಮರ್ಥ್ಯದ ಕೊರತೆ ಈಗ ಯಾವ ಯಂತ್ರಕ್ಕೂ ಇಲ್ಲ. ಆದ್ದರಿಂದ ಖರೀದಿಯ ತೀರ್ಮಾನವು ಯಂತ್ರ ಏನು ಮಾಡಬಲ್ಲುದೆಂಬುದರ ಮೇಲೆ ನಿಲ್ಲದೆ, ಸಂಸ್ಥೆಯಲ್ಲಿ ಅದಕ್ಕೆ ಕೊಡುವ ಕೆಲಸ ಏನೆಂಬುದರ ಮೇಲೆ ನಿಲ್ಲಬೇಕು. ಅಂತಹ ಕೆಲಸ ಇದ್ದರೆ, ಅದೇ ಕೆಲಸವನ್ನು 35,000 ಅಥವಾ 40,000 ರೂಪಾಯಿಯ ಸಾಧಾರಣ ಲ್ಯಾಪ್‌ಟಾಪ್ ಮಾಡಲಾರದೇ ಎಂಬುದನ್ನೂ ಕೇಳಿಕೊಳ್ಳಬೇಕು. ಕೀಲಿಮಣೆ, ದೊಡ್ಡ ಪರದೆಗಳನ್ನು ಬೇರೆಯಾಗಿ ಕೊಂಡು ಜೋಡಿಸಬೇಕಾದ ಯಂತ್ರಕ್ಕಿಂತ ಅದು ದಿನನಿತ್ಯದ ಲೆಕ್ಕಕ್ಕೆ ಹೆಚ್ಚು ಅನುಕೂಲ.

ಕೆಲಸ ಇಲ್ಲದಿದ್ದರೆ ಅದನ್ನು ಆಟಿಕೆಯೆಂದೇ ಒಪ್ಪಿ, ಮನೆಯ ಹಣದಿಂದ, ಮನೆಯ ಹೆಸರಿನಲ್ಲಿ ಕೊಳ್ಳುವುದರಲ್ಲಿ ಯಾವ ಕುಂದೂ ಇಲ್ಲ. ದುಡಿದ ಕುಟುಂಬಕ್ಕೆ ಮನರಂಜನೆಯೂ ಬೇಕು. ವರ್ಷವಿಡೀ ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಮಗನಿಗೆ ಅಪ್ಪ ಕೊಡಿಸುವ ಉಡುಗೊರೆಗೆ ತೆರಿಗೆ ಉಳಿತಾಯದ ನೆಪ ಬೇಕಿಲ್ಲ. ವ್ಯಾಪಾರಕ್ಕೂ ಮನೆಗೂ ಬಳಸುವುದಾದರೆ ಬಳಕೆಯ ಪಾಲನ್ನು ಖರೀದಿಯ ದಿನವೇ ಬರಹದಲ್ಲಿ ನಿಗದಿಪಡಿಸಿ, ಬಿಲ್, ಬ್ಯಾಂಕ್ ಪಾವತಿಯ ದಾಖಲೆ ಮತ್ತು ವಾರಂಟಿ ಪತ್ರಗಳನ್ನು ಒಂದೇ ಕಡತದಲ್ಲಿರಿಸಿ, ವರ್ಷಾಂತ್ಯದ ಲೆಕ್ಕ ಮುಗಿಸುವ ಮುನ್ನ ತಮ್ಮ ಲೆಕ್ಕಪರಿಶೋಧಕರ ಗಮನಕ್ಕೆ ತರುವುದು ಒಳಿತು.